ಎರಡು ಪಕ್ಷಗಳ ನಡುವೆ ಹೆಪ್ಸಿಯ ಹೆರಿಗೆ

ದೇಶ ತಾನು ಸ್ವತಂತ್ರ ಎಂದು ಸಾರಿದ ಬೇಸಿಗೆಯಲ್ಲೇ ಅಜುಬಾ ಟಿಲ್ಟನ್ ಮೊದಲ ಹೆರಿಗೆ ಮಾಡಿಸಿದ್ದು. ಹಾಗಾಗಿ ದೇಶಕ್ಕೆಷ್ಟು ವಯಸ್ಸು ಎಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಕನೆಟಿಕಟ್ ಹೊಳೆದಂಡೆಯ ಆ ಊರಿನ ಅರ್ಧದಷ್ಟು ಜನ ಅವಳ ಕೈಮೇಲೇ ಮೊದಲ ಸಲ ಅತ್ತಿದ್ದರು.

ಹೆರಿಗೆಯೆಂದರೆ ನೆರೆಯ ಹೆಂಗಸರೆಲ್ಲ ಬರಬೇಕು. ಇಬ್ಬರು ಬಸುರಿಯ ತೋಳು ಹಿಡಿಯಬೇಕು, ಉಳಿದವರು ನೀರು ಕಾಯಿಸುತ್ತ, ಬಿಯರು ಕುಡಿಯುತ್ತ, ಹೆರಿಗೆಗೆಂದೇ ಬೇಯಿಸಿದ ಕೇಕು ತಿನ್ನುತ್ತ ಧೈರ್ಯ ಹೇಳಬೇಕು. ಈಚೆಗೆ ಅದಕ್ಕೂ ಕಲ್ಲು ಬಿದ್ದಿತ್ತು. ಅಧ್ಯಕ್ಷರ ಪಕ್ಷದವರು ಟೋಪಿಗೆ ಕಪ್ಪು ರಿಬ್ಬನ್ನಿನ ಹೂ ಸಿಕ್ಕಿಸಿದರೆ, ಎದುರು ಪಕ್ಷದವರದು ಫ್ರಾನ್ಸಿನವರ ಹಾಗೆ ಕೆಂಪು, ಬಿಳಿ, ನೀಲಿ. ಕಪ್ಪಿನವರ ಮನೆಗೆ ಮೂರುಬಣ್ಣದವರು ಕಾಲಿಡರು.

ಹೆಪ್ಸಿಯದು ಮಾತ್ರ ಬೇರೆ ಫಜೀತಿ. ತವರು ಕಪ್ಪು, ಗಂಡನ ಮನೆ ಮೂರುಬಣ್ಣ. ನೋವು ಶುರುವಾಗಿ ಒಂದೂವರೆ ದಿನ. ಹುಡುಗಿ ಹಿಂಡಿದ ಬಟ್ಟೆಯಂತಾಗಿದ್ದಳು. ಎಡತೋಳು ತಾಯಿ ಪ್ರೂಡೆನ್ಸಳ ಕೈಲಿ, ಬಲತೋಳು ಅತ್ತೆ ಕೆಜಾಯಾಳ ಕೈಲಿ. ಮೇಜಿನ ಮೇಲೆ ಎರಡು ಕೇಕು.

"ಮೊದಲು ನನ್ನ ಕೇಕು ಕೊಯ್ಯಿರಿ," ಎಂದಳು ಪ್ರೂಡೆನ್ಸ್.

"ಕೊಯ್ಯೋಕೆ ಗರಗಸ ಬೇಕು ಬೀಗಿತ್ತಿ. ನಿಮ್ಮ ಪಕ್ಷದ ಥರಾನೇ, ಹೊರಗೆ ಹೊಳಪು, ಒಳಗೆ ಕಲ್ಲು."

"ನಿಮ್ಮದೋ? ಫ್ರಾನ್ಸಿನವರ ಎಂಜಲು!"

ಬೆರಳು ತೋರಿಸದೆ ಬೈದು ಪ್ರೂಡೆನ್ಸಳಿಗೆ ಅಭ್ಯಾಸವಿಲ್ಲ. ಮಗಳ ತೋಳು ಬಿಟ್ಟು ಬೆರಳೆತ್ತಿದಳು. ಹೆಪ್ಸಿ ಕೂತಿದ್ದ ಹೆರಿಗೆಪೀಠದಿಂದ ಜಾರಿದಳು. ಅಜುಬಾ ಮೊಣಕಾಲೂರಿ ಎದೆಯಿಂದಲೇ ಅವಳನ್ನು ತಡೆದಳು. ಅಜುಬಾಳ ಬುಟ್ಟಿ ಮಗುಚಿ, ನೂಲುಂಡೆ ಹಾರಿ ಬಿಯರಿನ ಬೋಗುಣಿಗೆ ಬಿತ್ತು.

"ಅಮ್ಮಾ..." ಎಂದಳು ಹೆಪ್ಸಿ. ದನಿಯೇ ಇರಲಿಲ್ಲ.

ಅಜುಬಾ ಕೂಗಾಡಲಿಲ್ಲ. "ಹುಟ್ಟಿ ಇಪ್ಪತ್ತಮೂರು ವರ್ಷ ಆಗಿದೆ ನಿಮ್ಮ ದೇಶಕ್ಕೆ. ಆಗಲೇ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಜಗ್ಗಿ ಸೀಳ್ತಿದ್ದೀರ. ಅದನ್ನ ಏನು ಬೇಕಾದರೂ ಮಾಡ್ಕೊಳ್ಳಿ. ಈ ಹುಡುಗೀನ ಬಿಟ್ರೆ ಸಾಯ್ತಾಳೆ. ಹಿಡೀರಿ."

ಹಿಡಿದರು. ಇಬ್ಬರೂ. ಹೆಪ್ಸಿ ತೂಕವನ್ನೆಲ್ಲ ಆ ನಾಲ್ಕು ಕೈಗಳ ಮೇಲೆ ಹಾಕಿ ಮುಕ್ಕಿರಿದಳು. ಕಿಟಕಿಯ ಬಿಸಿಲು ಪೀಠದಿಂದ ಗೋಡೆಗೆ ಸರಿಯುವ ಹೊತ್ತಿಗೆ ಮಗು ಬಂತು, ಬಂದದ್ದೇ ಕಿರುಚಿತು.

ಹೊಕ್ಕುಳಬಳ್ಳಿ ಕಟ್ಟಲು ಒಣ ನೂಲಿಲ್ಲ. ಅಜುಬಾ ದಾರ ಕೇಳಿ ಕೈ ಚಾಚಿದಳು. ಪ್ರೂಡೆನ್ಸ್ ಒಂದು ಕೈಯಿಂದಲೇ ತನ್ನ ಟೋಪಿಯ ಕಪ್ಪು ಹೂವನ್ನು ಕಿತ್ತು ಕೊಟ್ಟಳು. ಇನ್ನೊಂದು ಕೈ ಮಗಳ ತೋಳಲ್ಲೇ ಇತ್ತು. ಅಜುಬಾ ಅದರ ರಿಬ್ಬನ್ನು ಬಿಡಿಸಿ ಬಳ್ಳಿ ಕಟ್ಟಿದಳು.

"ಅಯ್ಯೋ, ನನ್ನ ಮೊಮ್ಮಗುವನ್ನ ಆಗಲೇ ಆ ಪಕ್ಷಕ್ಕೆ ಕಟ್ಟಿಬಿಟ್ರಾ ಅಜುಬಕ್ಕಾ!" ಎಂದಳು ಕೆಜಾಯಾ.

"ವಾರದಲ್ಲಿ ಒಣಗಿ ಉದುರುತ್ತೆ ಬಿಡಿ. ಅದೂ ಅಲ್ದೆ, ಹೆಣ್ಣು. ಓಟೇ ಇಲ್ಲ."

ನಕ್ಕವಳು ಹೆಪ್ಸಿ. ಆಮೇಲೆ ಎರಡು ಕೇಕಿನಿಂದಲೂ ಒಂದೊಂದು ತುಂಡು ಕೇಳಿ ತಿಂದಳು.

ಅಜುಬಾ ಹೊರಬಂದಾಗ ಬೇಲಿಯ ಬಳಿ ಹೆಪ್ಸಿಯ ಅಪ್ಪನೂ ಮಾವನೂ ಬೆನ್ನಿಗೆ ಬೆನ್ನು ಹಾಕಿ ನಿಂತಿದ್ದರು. ಒಳಗಿನ ಜಗಳವಷ್ಟೇ ಅವರಿಗೆ ಕೇಳಿಸಿತ್ತು.

"ಯಾರು ಗೆದ್ರು?" ಇಬ್ಬರೂ ಒಟ್ಟಿಗೇ ಕೇಳಿದರು.

"ಹೆಪ್ಸಿ," ಎಂದು ಅಜುಬಾ ಬುಟ್ಟಿಯನ್ನು ಕಂಕುಳಿಗೇರಿಸಿ ನಡೆದಳು.