ನನ್ನ ಕೆಮ್ಮು, ಅವರ ಎದೆ

ಒಂದು ಚಳಿಗಾಲದಲ್ಲಿ ನನ್ನ ಕೆಮ್ಮನ್ನು ನನ್ನ ಗಂಡ ಕೆಮ್ಮಿದರು. ಈಗ ಹೇಳಿದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ ಬಿಡಿ, ನನಗೇನೂ ಬೇಸರವಿಲ್ಲ. ಆದರೆ ಆ ಕೆಮ್ಮಿನಲ್ಲಿ ನಾನು ಸಾಯಬೇಕಿತ್ತು, ಸಾಯಲಿಲ್ಲ. ಯಾಕೆ ಸಾಯಲಿಲ್ಲ ಎನ್ನುವುದನ್ನು ನಾನೇ ಹೇಳಬೇಕು, ಬೇರೆಯವರು ಹೇಳಿದರೆ ಡಾಕ್ಟರ ಕೈಗುಣ ಎಂದುಬಿಡುತ್ತಾರೆ.

ಐವತ್ತರ ದಶಕದ ಕೊನೆಯ ಮಾತು. ಕೆಂಗೇರಿ ಕಡೆಯ ಹೊಲದ ಮನೆಯಿಂದ ಮದುವೆಯಾಗಿ ರಾಜಾಜಿನಗರಕ್ಕೆ ಬಂದಿದ್ದೆ. ಅದನ್ನು ಆಗ ನಗರ ಎಂದು ಕರೆಯಲು ಧೈರ್ಯ ಬೇಕಿತ್ತು. ಒಂದು ಕಡೆ ಕಾರ್ಖಾನೆಗಳ ಶೆಡ್ಡು, ಇನ್ನೊಂದು ಕಡೆ ಗೂಟ ನೆಟ್ಟ ಖಾಲಿ ಸೈಟು, ನಡುವೆ ಕೆಂಪು ಧೂಳು. ನನ್ನ ಗಂಡ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮೇಲೆ ಕೆಲಸ ಮಾಡುತ್ತಿದ್ದರು. ವಠಾರದ ಒಂದೇ ಕೋಣೆಯಲ್ಲಿ ನಾವಿಬ್ಬರು, ಅತ್ತೆ, ಗೋಡೆ ಹಿಡಿದುಕೊಂಡು ನಡೆಯಲು ಕಲಿಯುತ್ತಿದ್ದ ನನ್ನ ಮಗಳು.

ಆ ವರ್ಷ ಅವರ ಕಾರ್ಖಾನೆಗೆ ವಿಮೆ ಬಂತು. ಸಂಬಳದಲ್ಲಿ ಸ್ವಲ್ಪ ಹಿಡಿದುಕೊಳ್ಳುತ್ತಾರೆ, ಮಾಲೀಕರೂ ಸ್ವಲ್ಪ ಹಾಕುತ್ತಾರೆ, ಕಾಯಿಲೆ ಬಿದ್ದರೆ ವಿಮೆಯ ಡಿಸ್ಪೆನ್ಸರಿಯಲ್ಲಿ ಔಷಧಿ ಬಿಟ್ಟಿ. ಅವರು ಕಾರ್ಡು ತಂದು ದೇವರ ಪಟದ ಮುಂದೆ ಇಟ್ಟರು.

"ನನ್ನ ಹೆಸರೆಲ್ಲಿದೆ ಇದ್ರಲ್ಲಿ?" ಎಂದೆ.

"ನಿನ್ನ ಹೆಸ್ರು ಯಾಕಿರುತ್ತೆ? ನೀನೇನು ಲೇತ್ ಓಡಿಸ್ತೀಯಾ?" ಎಂದು ನಕ್ಕರು. "ಇದು ಕೆಲಸಗಾರರಿಗೆ ಮಾತ್ರ ಕಣೇ. ಸೂಪರ್‌ವೈಸರ್ರು ಮೀಟಿಂಗಲ್ಲಿ ಹೇಳಿದ್ರು. ಕೆಲಸಗಾರ ಮಲಗಿದ್ರೆ ಮೆಷಿನ್ ನಿಲ್ಲುತ್ತೆ, ಮೆಷಿನ್ ನಿಂತ್ರೆ ಕಂಪನಿಗೆ ನಷ್ಟ. ಅದಕ್ಕೇ ಈ ಏರ್ಪಾಡು."

ಸರಿಯಪ್ಪ, ನಾನು ಮಲಗಿದರೆ ಯಾವ ಕಂಪನಿಗೂ ನಷ್ಟವಿಲ್ಲ. ಕೋಳಿ ಕೂಗುವ ಮೊದಲೆದ್ದು ಬೀದಿ ನಲ್ಲಿಯ ಮುಂದೆ ಬಿಂದಿಗೆ ಇಟ್ಟು, ಮುದ್ದೆ ತಿರುವಿ, ಎಣ್ಣೆ ಮೆತ್ತಿದ ಖಾಕಿ ಬಟ್ಟೆ ಉಜ್ಜಿ ಅವರನ್ನು ಆ ಮೆಷಿನ್ನಿನ ಮುಂದೆ ನಿಲ್ಲಿಸುತ್ತಿದ್ದವಳು ನಾನು. ಅದನ್ನು ಬಾಯಿಬಿಟ್ಟು ಹೇಳಿದೆ ಕೂಡ. ಅತ್ತೆ, "ಗಂಡಸಿನ ಕೈಲಿ ಹಂಗೆಲ್ಲ ಮಾತಾಡ್ಬಾರ್ದು ಕಣವ್ವ" ಎಂದರು.

ದೀಪಾವಳಿ ಮುಗಿದ ಮೇಲೆ ನನಗೆ ಕೆಮ್ಮು ಶುರುವಾಯಿತು. ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಡಾಕ್ಟರಿದ್ದರು. ಹಸನ್ಮುಖಿ, ಮಾತು ಬೆಣ್ಣೆ. ನಾವು ಮನೆಯಿಂದ ಖಾಲಿ ಸೀಸೆ ತೆಗೆದುಕೊಂಡು ಹೋಗಬೇಕು. ಕಾಂಪೌಂಡರು ಅದಕ್ಕೆ ಕೆಂಪು ಮಿಕ್ಸ್ಚರ್ ತುಂಬಿ, ಒಂದೊಂದು ಹೊತ್ತಿಗೆ ಎಷ್ಟು ಕುಡಿಯಬೇಕು ಎಂದು ತಿಳಿಯುವಂತೆ ಅಂಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಹೋದಾಗಲೆಲ್ಲ ತೋಳಿಗೆ ಒಂದು ಸೂಜಿ, ಮೇಲೆ ಒಂದು ಬಾಟಲಿ ಟಾನಿಕ್. ಸೂಜಿ ಹಾಕದ ಡಾಕ್ಟರನ್ನು ನಾವ್ಯಾರೂ ಡಾಕ್ಟರೆಂದು ಒಪ್ಪುತ್ತಿರಲಿಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ನಂಗೇನಾಗಿದೆ ಡಾಕ್ಟ್ರೇ?" ಎಂದರೆ, "ನಿಶ್ಶಕ್ತಿ ಕಣಮ್ಮ, ಬಾಣಂತನ ಸರಿಯಾಗಿಲ್ಲ. ಇನ್ನೊಂದು ಕೋರ್ಸ್ ತಗೋ, ಗುಂಡುಕಲ್ಲಿನ ಹಾಗಾಗ್ತೀಯ" ಎನ್ನುತ್ತಿದ್ದರು. ಸಾಯಂಕಾಲವಾದರೆ ಮೈ ಬಿಸಿ, ಬೆಳಗಾದರೆ ಬೆವರು. ನಾನು ಕರಗುತ್ತಾ ಹೋದೆ. ಅವರ ಕ್ಲಿನಿಕ್ಕಿನ ಮೇಲೆ ಮಾಳಿಗೆ ಏಳುತ್ತಾ ಹೋಯಿತು. ಸಂಕ್ರಾಂತಿ ಹೊತ್ತಿಗೆ ಮನೆಯಲ್ಲಿ ಮಾರಲು ಉಳಿದದ್ದು ನನ್ನ ತಾಳಿ ಮತ್ತು ಅತ್ತೆಯ ಓಲೆ. ಇನ್ನು ಆಗುವುದಿಲ್ಲ ಎಂದೆ.

ಆಗ ಪಕ್ಕದ ಮನೆಯ ಅಕ್ಕ ದಾರಿ ತೋರಿಸಿದಳು. ಅವಳ ಗಂಡನೂ ಅದೇ ಕಾರ್ಖಾನೆ. ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಜೋರು, ಮನಸ್ಸು ಮೃದು.

"ಅಯ್ಯೋ ಪೆದ್ದಿ, ಅವನಿಗ್ಯಾಕೆ ದುಡ್ಡು ಸುರೀತೀಯ? ನನ್ನ ಹೊಟ್ಟೆನೋವನ್ನ ನಮ್ಮ ಯಜಮಾನ್ರೇ ತಗೊಂಡು ಹೋಗ್ತಾರೆ. ಅವ್ರ ಕಾರ್ಡು, ಅವ್ರ ಬಾಯಿ, ನನ್ನ ನೋವು. ಔಷಧಿ ತಂದು ನನ್ನ ಕೈಗೆ ಕೊಡ್ತಾರೆ. ಈ ವಠಾರದಲ್ಲಿ ಎಲ್ರೂ ಹಂಗೇ ಮಾಡೋದು."

ಅದು ನಿಜ. ನಮ್ಮ ವಠಾರದ ಹೆಂಗಸರ ಕಾಯಿಲೆಗಳೆಲ್ಲ ಗಂಡಸರ ಮೈಮೇಲೆ ಹತ್ತಿ ಡಿಸ್ಪೆನ್ಸರಿಗೆ ಹೋಗಿಬರುತ್ತಿದ್ದವು. ತಲೆನೋವು, ಕೀಲುನೋವು, ಅಜೀರ್ಣ, ಎಲ್ಲ. ಗಂಡಸರು ಹೊರಡುವ ಮೊದಲು ಹೊಸ್ತಿಲಲ್ಲಿ ನಿಂತು ಪಾಠ ಒಪ್ಪಿಸುತ್ತಿದ್ದರು: ಎಲ್ಲಿ ನೋವು, ಯಾವಾಗ, ಉಂಡ ಮೇಲೋ ಮೊದಲೋ. ವಠಾರದ ಯಾರಿಗೂ ಅದು ಮೋಸ ಅನ್ನಿಸಿರಲಿಲ್ಲ. ಸಂಬಳದಲ್ಲಿ ಹಿಡಿದುಕೊಂಡಿದ್ದು ನಮ್ಮ ಮನೆಯ ದುಡ್ಡು ತಾನೇ?

ನನ್ನ ಗಂಡನಿಗೆ ಕೆಮ್ಮು ಕಲಿಸಲು ಸಾಕುಸಾಕಾಯಿತು. ಅವರದು ನಶ್ಯದ ಗಂಟಲು, ಕೆಮ್ಮಿದರೆ ಲಾರಿ ಸ್ಟಾರ್ಟ್ ಆದ ಹಾಗೆ. "ಹಂಗಲ್ಲ ರೀ, ಒಳಗಿಂದ, ಸಣ್ಣಗೆ, ನಿಲ್ಲಿಸೋಕೆ ಆಗ್ದಂಗೆ" ಎಂದು ನಾನು ತೋರಿಸಬೇಕು, ಅವರು ಕಲಿಯಬೇಕು. ಅತ್ತೆ ಒಲೆಯ ಮುಂದೆ ಕುಳಿತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ, ನಕ್ಕರೆ ನಿಜವಾದ ಕೆಮ್ಮು ಬರುತ್ತಿತ್ತು.

ಎರಡು ಸಲ ಔಷಧಿ ಬಂತು. ಮೂರನೆಯ ಸಲ ಡಿಸ್ಪೆನ್ಸರಿಯ ಡಾಕ್ಟರು, ಕಫದಲ್ಲಿ ರಕ್ತ ಬರುತ್ತಾ ಎಂದು ಕೇಳಿದರಂತೆ. ಹಿಂದಿನ ವಾರ ನನಗೆ ಒಂದೆಳೆ ಕಂಡಿತ್ತು. ಪಾಠ ಒಪ್ಪಿಸಿ ಅಭ್ಯಾಸವಾಗಿದ್ದ ಇವರು ಹೌದು ಎಂದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ಏನೂ ಕೇಳಿಸಲಿಲ್ಲ, ಆದರೂ ಎಕ್ಸ್‌ರೇಗೆ ಬರೆದುಕೊಟ್ಟರು. ಕಾರ್ಖಾನೆಯಲ್ಲಿ ಸುದ್ದಿ ಹಬ್ಬಿತು. ಜೊತೆಯವರು ಇವರ ಲೋಟ ಬೇರೆ ಇಟ್ಟರು. ಮನೆಯಲ್ಲಿ ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮಗನಿಗೆ ಕ್ಷಯ ಬಂದುಬಿಟ್ಟಿತೆಂದು ಮುದುಕಿ ದೇವರ ಮುಂದೆ ಅಳುತ್ತಾ ಕುಳಿತಳು.

ಎಕ್ಸ್‌ರೇ ಫಲಿತಾಂಶ ಬಂದ ದಿನ ಇವರು ಬೀದಿಯ ತುದಿಯಿಂದಲೇ ಕೂಗಿಕೊಂಡು ಬಂದರು. "ಏನೂ ಇಲ್ಲ ಕಣೇ! ಎದೆ ಸ್ವಚ್ಛವಾಗಿದೆಯಂತೆ! ಒಂದು ಚುಕ್ಕೇನೂ ಇಲ್ಲ!"

ಅತ್ತೆ ಹೋಗಿ ಗಣೇಶನಿಗೆ ಕಾಯಿ ಒಡೆಸಿದರು. ಪಕ್ಕದ ಮನೆಯ ಅಕ್ಕ ಡಬ್ಬದಿಂದ ಸಕ್ಕರೆ ತಂದು ಎಲ್ಲರ ಬಾಯಿಗೆ ಹಾಕಿದಳು. ನನ್ನ ಬಾಯಿಗೂ ಹಾಕಿ, "ನೋಡ್ದಾ, ಸುಮ್ನೆ ಹೆದರ್ಕೊಂಡಿದ್ದೆ" ಎಂದಳು. ದೇವರಾಣೆ ಹೇಳುತ್ತೇನೆ, ನಾನೂ ಖುಷಿಪಟ್ಟೆ. ಸದ್ಯ ನನಗೇನೂ ಇಲ್ಲವಲ್ಲ ಎಂದು ಕೈ ಮುಗಿದೆ. ಅಷ್ಟು ದಿನದಿಂದ ನನ್ನ ಕಾಯಿಲೆ ಅವರ ಹೆಸರಿನಲ್ಲಿ ಓಡಾಡಿ ಓಡಾಡಿ, ಅದು ಯಾರದೆಂದು ಮನೆಮಂದಿಗೆಲ್ಲ ಮರೆತೇ ಹೋಗಿತ್ತು. ನನಗೂ ಮರೆತಿತ್ತು.

ಸಕ್ಕರೆ ಇನ್ನೂ ಬಾಯಲ್ಲಿತ್ತು, ಕೆಮ್ಮು ಬಂತು. ಸೆರಗು ಅಡ್ಡ ಹಿಡಿದೆ. ತೆಗೆದು ನೋಡಿದರೆ ಒಂದೆಳೆಯಲ್ಲ, ಅಂಗೈಯಗಲ ಕೆಂಪು. ಮಗಳು ತೊಡೆ ಹತ್ತಲು ಬಂದಳು. ಅವಳನ್ನು ದೂರ ತಳ್ಳಿದೆ, ಅವಳು ಬಿದ್ದು ಅತ್ತಳು. ನನಗೆ ಸಾವಿನ ಭಯಕ್ಕಿಂತ ಮೊದಲು ಸಿಟ್ಟು ಬಂತು, ಮೈಯೆಲ್ಲ ಉರಿದುಹೋಯಿತು.

"ಯಾರ ಎದೆ ರೀ ಫೋಟೋ ತೆಗೆದಿದ್ದು?" ಎಂದು ಕಿರುಚಿದೆ. "ಯಾರ ಎದೆ?"

ಮಾರನೆಯ ದಿನ ಮೊದಲು ಬೀದಿ ಡಾಕ್ಟರ ಹತ್ತಿರ ಹೋಗಿ, ನನ್ನ ಎದೆಯ ಎಕ್ಸ್‌ರೇ ಎಲ್ಲಿ ತೆಗೆಯುತ್ತಾರೆ ಹೇಳಿ ಎಂದೆ. "ಅದೆಲ್ಲ ಬೇಡ ಕಣಮ್ಮ. ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋದ್ರೆ ನೆಲದ ಮೇಲೆ ಮಲಗಿಸ್ತಾರೆ. ಹೋದವರು ತಿರುಗಿ ಬರೋದು ನೋಡಿದ್ದೀಯಾ? ನಾನಿಲ್ವಾ? ಇನ್ನೊಂದು ಕೋರ್ಸ್..." ಎಂದು ಆಗಲೇ ಸೂಜಿಗೆ ಕೈ ಹಾಕಿದರು. ಸೆರಗಿನ ಕಲೆ ತೋರಿಸಿದೆ. ಅವರು ಮುಖ ಪಕ್ಕಕ್ಕೆ ತಿರುಗಿಸಿ ಕರವಸ್ತ್ರ ಮೂಗಿಗೆ ಹಿಡಿದುಕೊಂಡರು. ಅಷ್ಟು ಸಾಕಾಗಿತ್ತು ನನಗೆ. ಈ ಮನುಷ್ಯನಿಗೆ ಮೊದಲಿಂದಲೂ ಗೊತ್ತಿತ್ತು.

ಅಲ್ಲಿಂದ ನೇರ ವಿಮೆಯ ಡಿಸ್ಪೆನ್ಸರಿಗೆ ನಡೆದೆ. ಗಂಡನ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಇವರು ಹಿಂದೆ ಓಡಿ ಬಂದು, "ಬೇಡ ಕಣೇ, ಸಿಕ್ಕಿಹಾಕ್ಕೋತೀವಿ, ಕೆಲಸ ಹೋಗುತ್ತೆ" ಎಂದು ಅಂಗಲಾಚಿದರು.

"ನಾನು ಹೋದ್ರೆ?" ಎಂದೆ. ಅವರು ಅಲ್ಲೇ ನಿಂತುಬಿಟ್ಟರು. ಆಮೇಲೆ ಸುಮ್ಮನೆ ನನ್ನ ಜೊತೆ ಬಂದರು.

ಅಲ್ಲಿ ಗಂಡಸರದೇ ಸಾಲು. ಅದರಲ್ಲೇ ನಿಂತೆ. ಡಾಕ್ಟರು ಕಾರ್ಡು ನೋಡಿ, ನನ್ನನ್ನು ನೋಡಿ, "ಏನಮ್ಮ ಇದು?" ಎಂದರು.

"ಕಾರ್ಡು ಅವರದು ಸಾರ್, ಕೆಮ್ಮು ನಂದು. ಇಷ್ಟು ದಿನ ನೀವು ಔಷಧಿ ಕೊಟ್ಟಿದ್ದು ನನಗೆ."

ಡಾಕ್ಟರು ಕೆಂಡವಾದರು. "ಇದು ಮೋಸ! ನಿನ್ನ ಗಂಡನ್ನ ಕೆಲಸದಿಂದ ತೆಗೆಸ್ಬೋದು ನಾನು, ಗೊತ್ತಾ?"

"ತೆಗೆಸಿ. ಅವರ ಸಂಬಳದಲ್ಲಿ ಹಿಡಿದಿದ್ದು ನಾನು ಒಪ್ಪೊತ್ತು ಉಂಡು ಉಳಿಸಿದ ದುಡ್ಡು ಸಾರ್. ಮೆಷಿನ್ನಿಗೆ ಎಣ್ಣೆ ಹಾಕ್ತಾರೆ, ಮೆಷಿನ್ ಓಡಿಸೋರಿಗೆ ಔಷಧಿ ಹಾಕ್ತಾರೆ, ಅವರಿಗೆ ಅನ್ನ ಹಾಕೋಳಿಗೆ ಏನು? ಇವತ್ತು ನನ್ನ ಎದೆ ನೋಡಿ. ಆಮೇಲೆ ಜೈಲಿಗೆ ಹಾಕ್ತೀರೋ, ಮನೆಗೆ ಕಳಿಸ್ತೀರೋ, ನಿಮ್ಮಿಷ್ಟ."

ಅವರು ನೋಡಲಿಲ್ಲ. ರೂಲ್ಸ್ ಇಲ್ಲ ಎಂದರು, ಒಂದು ಮಾತ್ರೆಯನ್ನೂ ಕೊಡಲಿಲ್ಲ. ಆದರೆ ಅಷ್ಟರಲ್ಲಿ ನಾನು ಅವರ ಮೇಜಿನ ಮುಂದೆಯೇ ಕೆಮ್ಮಿದೆ. ಅವರಿಗೆ ಕೊಳವೆ ಬೇಕಾಗಲಿಲ್ಲ. ಇವರ ಕಡೆ ತಿರುಗಿ, "ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ಅಲ್ಲಿ ಕಾರ್ಡು ಗೀರ್ಡು ಏನೂ ಬೇಡ" ಎಂದರು. ನಾವು ಬಾಗಿಲು ದಾಟುವ ಮೊದಲೇ ಪೆನ್ನು ತೆಗೆದು ಕಾರ್ಖಾನೆಗೆ ದೂರು ಬರೆಯಲು ಶುರುಮಾಡಿದ್ದರು.

ದೊಡ್ಡಾಸ್ಪತ್ರೆಯಲ್ಲಿ ನೆಲದ ಮೇಲೇ ಮಲಗಿಸಿದರು, ಸುಳ್ಳು ಯಾಕೆ ಹೇಳಲಿ. ಗದರಿದರು, ಕಾಯಿಸಿದರು. ಆದರೆ ನನ್ನ ಎದೆಯ ಫೋಟೋ ತೆಗೆದರು. ಬಲಗಡೆ ಮೇಲ್ಭಾಗದಲ್ಲಿ ಮಂಜು ಕವಿದ ಹಾಗಿತ್ತು. ಇನ್ನೆರಡು ತಿಂಗಳು ತಡವಾಗಿದ್ದರೆ ತಮ್ಮ ಕೈಲಿ ಏನೂ ಇರುತ್ತಿರಲಿಲ್ಲ ಎಂದರು. ಕ್ಷಯಕ್ಕೆ ಆಗ ಹೊಸ ಇಂಜೆಕ್ಷನ್ ಬಂದಿತ್ತು, ಜೊತೆಗೆ ಹೊಟ್ಟೆ ತೊಳೆಸುವಷ್ಟು ಮಾತ್ರೆ. ಒಂದೂವರೆ ವರ್ಷ ನುಂಗಿದೆ. ಮಗಳನ್ನು ತವರಿಗೆ ಕಳಿಸಿದೆ. ಅವಳು ವಾಪಸು ಬಂದಾಗ ನನ್ನನ್ನು ನೋಡಿ, ಕರೆತಂದ ನನ್ನ ಅವ್ವನ ಹಿಂದೆ ಅಡಗಿಕೊಂಡಳು. ಆ ಸಂಕಟಕ್ಕೆ ನಾನು ಯಾರನ್ನೂ ಕ್ಷಮಿಸಿಲ್ಲ.

ಇವರ ಕೆಲಸ ಹೋಗಲಿಲ್ಲ, ಆಗಬೇಕಿದ್ದ ಬಡ್ತಿ ಹೋಯಿತು. ಆದರೆ ವಠಾರಕ್ಕೆ ದೊಡ್ಡ ಪೆಟ್ಟು ಬಿತ್ತು. ಡಿಸ್ಪೆನ್ಸರಿಯಲ್ಲಿ ಗಂಡಸರನ್ನು ಬಟ್ಟೆ ಬಿಚ್ಚಿಸಿ ಪರೀಕ್ಷೆ ಮಾಡಲು ಶುರುಮಾಡಿದರು. ಹೆಂಡತಿಯ ನೋವು ಹೊತ್ತುಕೊಂಡು ಹೋದವರೆಲ್ಲ ಬರಿಗೈಯಲ್ಲಿ ಬಂದರು.

"ನೀನೊಬ್ಳು ಬದುಕೋಕೆ ನಮ್ಮೆಲ್ಲರ ದಾರಿ ಮುಚ್ಚಿದೆಯಲ್ಲೇ!" ಎಂದು ಪಕ್ಕದ ಮನೆಯ ಅಕ್ಕ ನಲ್ಲಿಯ ಹತ್ತಿರ ಎಲ್ಲರ ಮುಂದೆ ಉಗಿದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು. ಹೆಂಗಸರೆಲ್ಲ ಮತ್ತೆ ಸೀಸೆ ಹಿಡಿದು ಬೀದಿ ಡಾಕ್ಟರ ಬಾಗಿಲಿಗೆ ಹೋದರು, ಆ ಡಾಕ್ಟರಿಗೆ ನನ್ನ ದೆಸೆಯಿಂದ ಸುಗ್ಗಿ. ನಾನು ಮಾಡಿದ್ದು ತಪ್ಪು ಎಂದು ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ನಾನು ಮುಚ್ಚಿದ್ದು ದಾರಿಯಾಗಿರಲಿಲ್ಲ. ಅದೇ ದಾರಿಯಲ್ಲಿ ನಾನು ಇನ್ನೇನು ಸ್ಮಶಾನ ಸೇರುತ್ತಿದ್ದೆ.

ಮೈಯಲ್ಲಿ ಸ್ವಲ್ಪ ಕಸುವು ಬಂದ ಮೇಲೆ ಒಂದು ಸಾಯಂಕಾಲ ಆ ಕ್ಲಿನಿಕ್ಕಿಗೆ ಹೋದೆ. ಬೆಂಚಿನ ತುಂಬ ನಮ್ಮ ವಠಾರದವರೇ. ಪಕ್ಕದ ಮನೆಯ ಅಕ್ಕ ಮುಂದಿನ ಸರದಿಗೆ ಕುಳಿತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ಸೊರಗಿಹೋಗಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ಡಾಕ್ಟರು ಬಾಗಿಲಿಗೆ ಬಂದು ನಗುತ್ತಾ, "ಓಹೋ, ಬಾರಮ್ಮ! ನೋಡಿ, ಹೆಂಗಾಗಿದಾಳೆ! ನಮ್ಮ ಟಾನಿಕ್ ಕುಡಿದ ಮೈ ಅದು" ಎಂದರು.

ನಾನು ಬೆಂಚಿನ ಮುಂದೆ ನಿಂತು, ಎಲ್ಲರಿಗೂ ಕೇಳಿಸುವಂತೆ, "ಒಂದೇ ಮಾತು ಕೇಳ್ತೀನಿ ಡಾಕ್ಟ್ರೇ. ನನ್ನ ಕಾಯಿಲೆ ಏನು ಅಂತ ನಿಮಗೆ ಗೊತ್ತಿತ್ತೋ, ಗೊತ್ತಿರ್ಲಿಲ್ವೋ? ಗೊತ್ತಿರ್ಲಿಲ್ಲ ಅಂದ್ರೆ ಇವರಿಗೆಲ್ಲ ಯಾವ ಧೈರ್ಯದ ಮೇಲೆ ಸೂಜಿ ಹಾಕ್ತೀರಿ? ಗೊತ್ತಿತ್ತು ಅಂದ್ರೆ, ಎಷ್ಟು ಬಾಟಲಿ ಆದ್ಮೇಲೆ ಹೇಳೋಣ ಅಂತಿದ್ರಿ?" ಎಂದೆ.

"ನನ್ನ ಹೊಟ್ಟೆ ಮೇಲೆ ಹೊಡೀಬೇಡಮ್ಮ" ಎಂದರು ತಗ್ಗಿದ ದನಿಯಲ್ಲಿ.

"ನನ್ನ ಎದೆ ಮೇಲೆ ಮಾಳಿಗೆ ಕಟ್ಟಿದ್ರಲ್ಲ, ಅದಕ್ಕೆ ಉತ್ತರ ಕೊಡಿ."

ಅವರು ಗಂಟಲು ಸರಿಮಾಡಿಕೊಂಡು, ನಾನಲ್ಲಿ ಇಲ್ಲವೇ ಇಲ್ಲ ಎಂಬಂತೆ ಬೆಂಚಿನ ಕಡೆ ನೋಡಿ, "ಮುಂದಿನವರು ಬನ್ನಿ" ಎಂದರು.

ಯಾರೂ ಏಳಲಿಲ್ಲ. ಅವರು ಇನ್ನೊಂದು ಸಲ ಕರೆದರು. ಪಕ್ಕದ ಮನೆಯ ಅಕ್ಕ ಹೊಟ್ಟೆ ಹಿಡಿದುಕೊಂಡೇ ಎದ್ದು, ಅವರ ಕಡೆ ಹೋಗದೆ ನನ್ನ ಹತ್ತಿರ ಬಂದು ನಿಂತಳು.

"ಬೆಳಗ್ಗೆ ಎಷ್ಟು ಹೊತ್ತಿಗೆ ಹೋಗ್ಬೇಕೇ ದೊಡ್ಡಾಸ್ಪತ್ರೆಗೆ?" ಎಂದಳು.