ಮಾವ ಕಟ್ಟಿಕೊಟ್ಟ ಯುದ್ಧಭೂಮಿ

ನನ್ನ ಮಾವನವರ ಎಡಗೈ ಹೆಬ್ಬೆರಳಿನ ಉಗುರಿನ ಸುತ್ತ ಸದಾ ಅಂಟು ಒಣಗಿರುತ್ತಿತ್ತು. ಊಟಕ್ಕೆ ಕೂತ ಮೇಲೇ ಅವರಿಗೆ ಅದರ ನೆನಪಾಗುತ್ತಿತ್ತು. ಬಲಗೈಯಿಂದ ಒಂದೊಂದೇ ಪದರ ಎಬ್ಬಿಸಿ ಸುಲಿಯುತ್ತಿದ್ದರು. ಬಲಗೈಗೆ ನಡುಕ, ಹಾಗಾಗಿ ಆ ಕೆಲಸ ಬೇಗ ಮುಗಿಯುತ್ತಿರಲಿಲ್ಲ. ಸಾರು ಆರಿಹೋಗುತ್ತಿತ್ತು. "ಮಾವ, ನಾನು ತೆಗೆದುಕೊಡ್ಲಾ?" ಅಂದರೆ, "ಬೆರಳು ನಂದು, ಅಂಟು ನಂದು. ನೀನು ಮುದ್ದೆ ಬಡಿಸಮ್ಮ" ಅನ್ನುತ್ತಿದ್ದರು.

ನೀರಾವರಿ ಇಲಾಖೆಯಲ್ಲಿ ನಾಲೆಗಳ ಉಸ್ತುವಾರಿ ನೋಡಿಕೊಂಡು ನಿವೃತ್ತರಾದವರು ಅವರು. ಹುಟ್ಟಿದ್ದು ನಾಲೆಯ ತುತ್ತತುದಿಯ ಹಳ್ಳಿಯಲ್ಲಿ. ಮೇಲಿನ ಊರುಗಳವರೆಲ್ಲ ಗದ್ದೆ ತುಂಬಿಸಿಕೊಂಡ ಮೇಲೆ ಉಳಿದ ನೀರು ಇವರ ಪಾಲು. ಅದಕ್ಕೇ ಇರಬೇಕು, ಯಾವ ಊರಿಗೆ ಹೋದರೂ ದೇವಸ್ಥಾನಕ್ಕಿಂತ ಮೊದಲು ಚರಂಡಿ ಯಾವ ಕಡೆ ಹರಿಯುತ್ತದೆ ಎಂದು ನೋಡುತ್ತಿದ್ದರು. ನಾನು ಸೊಸೆಯಾಗಿ ವಿದ್ಯಾರಣ್ಯಪುರಂನ ಮನೆಗೆ ಬಂದ ಹೊಸದರಲ್ಲಿ ಅವರ ಮಾತು ನನಗೆ ಅತ್ತೆಯ ಮೂಲಕ ತಲುಪುತ್ತಿತ್ತು. "ಗಾಡಿ ಗೇಟಿಗೆ ಅಡ್ಡ ನಿಲ್ಲಿಸ್ಬೇಡ ಅಂತ ಹೇಳು ಅವಳಿಗೆ" ಅನ್ನುತ್ತಿದ್ದರು, ನಾನು ಎದುರಿಗೇ ನಿಂತಿದ್ದರೂ. ಅತ್ತೆ ಅದನ್ನು ಒಂದಕ್ಷರ ಬಿಡದೆ ನನಗೆ ಹೇಳಿ ನಗುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ತಲುಪಿಸುವವರಿಲ್ಲದೆ ಮಾತೂ ನಿಂತಿತು. ಯಾರೋ ನೆಂಟರ ಮುಂದೆ ಕಾಫಿ ಲೋಟ ಕೈಜಾರಿ ಬಿದ್ದ ದಿನದಿಂದ ಮಾವ ಹಜಾರಕ್ಕೆ ಬರುವುದನ್ನೂ ಕಡಿಮೆ ಮಾಡಿದರು.

ಅವರನ್ನು ಕೋಣೆಯಿಂದ ಹೊರಗೆ ತಂದದ್ದು ನನ್ನ ಹುಚ್ಚು. ನನಗೆ ಒಂದು ಯುದ್ಧದಾಟದ ಹುಚ್ಚಿದೆ. ಆರು ಮೂಲೆಯ ಪ್ಲಾಸ್ಟಿಕ್ ಬಿಲ್ಲೆಗಳನ್ನು ಜೇನುಗೂಡಿನ ಹಾಗೆ ಒಂದಕ್ಕೊಂದು ಸಿಕ್ಕಿಸಿ, ಮೇಲೆ ಮೇಲೆ ಪೇರಿಸಿ, ಗುಡ್ಡ, ಹೊಳೆ, ಬಯಲು ಎಲ್ಲವನ್ನೂ ನಾವೇ ಕಟ್ಟಬೇಕು. ಆಮೇಲೆ ಹೆಬ್ಬೆರಳುದ್ದದ ಸೈನಿಕರನ್ನು ಅದರ ಮೇಲೆ ನಿಲ್ಲಿಸಿ, ದಾಳ ಉರುಳಿಸಿ ಕಾದಾಡಬೇಕು. ಒಂದು ಡಬ್ಬಿ ಕೊಂಡರೆ ಮುಗಿಯುವ ಆಟವಲ್ಲ. ಇನ್ನೊಂದು ತಂದರೆ ಇನ್ನಷ್ಟು ನೆಲ, ಇನ್ನಷ್ಟು ಪಡೆ. ಒಂದೇ ಸೈನ್ಯದಲ್ಲಿ ಬಿಲ್ಲುಗಾರ, ಬಂದೂಕಿನವನು, ರೆಕ್ಕೆಯಿರುವ ಹೆಸರಿಲ್ಲದ ಪ್ರಾಣಿ ಎಲ್ಲ ಒಟ್ಟಿಗೆ ಇರುತ್ತವೆ. ನನ್ನ ಗಂಡನಿಗೆ ಇದೆಲ್ಲ ಮಕ್ಕಳಾಟ. ರಾಜೀವನಗರದಿಂದ ಭಾನುವಾರ ಆಡಲು ಬರುತ್ತಿದ್ದ ಗೆಳತಿಗೆ ಬೇರೆ ಊರಿಗೆ ವರ್ಗವಾಗಿ, ಊಟದ ಮೇಜಿನ ಮೇಲೆ ಯುದ್ಧವೊಂದು ಅರ್ಧಕ್ಕೇ ನಿಂತಿತ್ತು.

ಒಂದು ಬೆಳಿಗ್ಗೆ ಮಾವ ಅದರ ಮುಂದೆ ನಿಂತಿದ್ದರು. "ಈ ಹೊಳೆ ಯಾವ ಮಹಾನುಭಾವ ತೆಗೆದಿದ್ದು?"

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪ್ರಶ್ನೆ ನನಗೇ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನಾನೇ ಮಾವ."

"ನೀರು ಗುಡ್ಡ ಹತ್ತುತ್ತೇನಮ್ಮ?"

"ಬಿಲ್ಲೆ ಸಾಲಲಿಲ್ಲ. ಆಟ ಅಲ್ವಾ ಮಾವ..."

"ಆಟ ಅಂತ ನೀರಿಗೆ ಕಾಲು ಬರುತ್ತಾ?"

ಸಂಜೆ ನಾನು ಕೆಲಸ ಮಾಡುವ ಕ್ಲಿನಿಕ್ಕಿನಿಂದ ಬರುವಷ್ಟರಲ್ಲಿ ಮಾವ ನನ್ನ ಹೊಳೆಯನ್ನೆಲ್ಲ ಕಿತ್ತುಹಾಕಿದ್ದರು. ಗುಡ್ಡದ ಬುಡಕ್ಕೆ ಒಂದು ಕೆರೆ ಬಂದಿತ್ತು, ಕೆರೆಗೆ ಒಂದು ತೂಬು, ತೂಬಿನಿಂದ ಬಯಲಿಗೆ ನಾಲೆ. ಪಡೆಗಳನ್ನು ಮಾತ್ರ ನೀಟಾಗಿ ತಟ್ಟೆಯಲ್ಲಿ ಎತ್ತಿಟ್ಟಿದ್ದರು, ಕಾಮಗಾರಿ ಮುಗಿಯುವ ತನಕ ಜನರನ್ನು ಸ್ಥಳಾಂತರಿಸಿದ ಹಾಗೆ. ನನಗೆ ಸಿಟ್ಟು ಬಂತು. ನಾನು ಗೆಲ್ಲುತ್ತಿದ್ದ ಆಟ ಅದು.

ಅಲ್ಲಿಂದ ನೆಲ ಕಟ್ಟುವುದು ಅವರ ಕೆಲಸವಾಯಿತು. ಡಬ್ಬಿಯ ಬಿಲ್ಲೆಗಳು ಸಾಲದೆ ಥರ್ಮಾಕೋಲು ಕೊಯ್ದರು, ಹಳೆಯ ಪೇಪರು ನೆನೆಸಿ ರುಬ್ಬಿದರು. ಕುಡಿದ ಟೀಯ ಚರಟವನ್ನು ತಾರಸಿಯ ಮೇಲೆ ಒಣಗಿಸಿ ಅಂಟಿನ ಮೇಲೆ ಉದುರಿಸಿದರೆ ಥೇಟ್ ಉತ್ತ ಹೊಲ. ಕೆಲಸವೆಲ್ಲ ಎಡಗೈಯಲ್ಲೇ. ಕಟ್ಟಿ ಮುಗಿದ ಮೇಲೆ ಮೇಜಿನ ಅಂಚಿಗೆ ಗಲ್ಲವಿಟ್ಟು, ಒಂದು ಕಣ್ಣು ಮುಚ್ಚಿ, ನೆಲದ ಮಟ್ಟದಿಂದ ಊರಿಡೀ ನೋಡುತ್ತಿದ್ದರು. ಎಷ್ಟೇ ದೊಡ್ಡ ಯುದ್ಧವಿದ್ದರೂ ಆ ನೆಲದ ಮೇಲೆ ಒಂದು ಮನೆ, ಒಂದು ಬಾವಿ, ಮನೆಯಿಂದ ಬಾವಿಗೆ ಒಂದು ದಾರಿ ಇರಲೇಬೇಕು. "ಇಲ್ಲಿ ಇರೋರು ನೀರಿಗೆ ಎಲ್ಲಿಗೆ ಹೋಗ್ತಾರೆ?" ಎಂಬ ಪ್ರಶ್ನೆಗೆ ಉತ್ತರ ಸಿಗದೆ ದಾಳ ಮುಟ್ಟಲು ಬಿಡುತ್ತಿರಲಿಲ್ಲ. ಬಾವಿಯ ಸುತ್ತಲಿನ ಬಿಲ್ಲೆಗಳ ಮೇಲೆ ಹೊಡೆದಾಡುವಂತೆಯೂ ಇಲ್ಲ. ಆಟ ಮಾಡಿದವರು ಬರೆಯದ ನಿಯಮ ಇದು. ನಾನು ವಾದಿಸಿ ಸೋತೆ.

ಎದುರಾಳಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವರೇ ಆಡಲು ಕೂತರು. ಅವರದು ನೀಲಿ ಪಡೆ, ನನ್ನದು ಕೆಂಪು. ರೆಕ್ಕೆಯ ಪ್ರಾಣಿಯನ್ನು ಮಾತ್ರ ಕಡೆತನಕ ತಮ್ಮ ಕಡೆ ಸೇರಿಸಿಕೊಳ್ಳಲಿಲ್ಲ. "ಅದು ಏನ್ ತಿನ್ನುತ್ತೆ ಅಂತ್ಲೇ ಗೊತ್ತಿಲ್ಲ, ಸಾಕೋದೆಂಗೆ?" ಎಂಬುದು ಅವರ ತಕರಾರು.

ತೊಂದರೆ ಇದ್ದದ್ದು ಸೈನಿಕರನ್ನು ನಡೆಸುವುದರಲ್ಲಿ. ಒಬ್ಬನನ್ನು ಮುಂದಿಡಲು ಹೋದರೆ ಕೈ ತಗುಲಿ ಇಬ್ಬರು ಉರುಳುತ್ತಿದ್ದರು. ಈ ಆಟದಲ್ಲಿ ಸತ್ತವರನ್ನು ಮಲಗಿಸಿ ಪಕ್ಕಕ್ಕೆ ಸರಿಸುವುದು ರೂಢಿ. ಮೊದಲ ಸಲ ಹಾಗೆ ಉರುಳಿದಾಗ ಅವರ ಮುಖ ನೋಡಿ, ಇವತ್ತು ಎದ್ದು ಕೋಣೆ ಸೇರುತ್ತಾರೆ ಎಂದುಕೊಂಡೆ. ಅವರು, "ಸತ್ತಿಲ್ಲ ಕಣಮ್ಮ, ಬಿದ್ದವ್ನೆ ಅಷ್ಟೆ. ಎತ್ತಿ ನಿಲ್ಲಿಸ್ಬುಡು" ಅಂದರು. ನಿಲ್ಲಿಸಿದೆ. ಆಮೇಲೆ ಅದು ನಮ್ಮಿಬ್ಬರ ಆಟದ ಮಾತಾಯಿತು. ಬೀಳಿಸುವುದು ಅವರು, ಎತ್ತುವುದು ನಾನು. ಕುವೆಂಪುನಗರದ ಕ್ಲಿನಿಕ್ಕಿನಲ್ಲೂ ನನ್ನ ಕೆಲಸ ಅದೇ. ಬಿದ್ದು ಸೊಂಟ, ಮಂಡಿ ಮುರಿದುಕೊಂಡವರನ್ನು ಎಬ್ಬಿಸಿ ನಡೆಸುವ ಫಿಸಿಯೋಥೆರಪಿ.

ದಸರಾ ಹತ್ತಿರ ಬಂತು. ಅತ್ತೆ ತೀರಿಕೊಂಡ ವರ್ಷ ಸೂತಕವೆಂದು ಗೊಂಬೆ ಕೂರಿಸಿರಲಿಲ್ಲ. ಈ ಸಲ ಕೇಳಿದರೆ ಮಾವ ಮೇಜಿನಿಂದ ತಲೆ ಎತ್ತದೆ, "ಅವನ್ನೆಲ್ಲ ಯಾರಿಗಾದ್ರೂ ಕೊಟ್ಬುಡೋಣ" ಅಂದರು.

ನನಗೆ ಊಟ ಸೇರಲಿಲ್ಲ. ಅತ್ತೆ ತವರಿನಿಂದ ತಂದ ಪಟ್ಟದ ರಾಜ ರಾಣಿ, ಪ್ರತಿ ವರ್ಷ ಒಂದಾದರೂ ಹೊಸತು ಸೇರಿಸಬೇಕೆಂದು ಹಟ ಹಿಡಿದು ಕೊಂಡ ಮಣ್ಣಿನ ಗೊಂಬೆಗಳು, ಎಲ್ಲ ಅಟ್ಟದ ಮೇಲೆ ಅವರದೇ ಹಳೆಯ ಸೀರೆಗಳಲ್ಲಿ ಸುತ್ತಿಟ್ಟಿದ್ದವು. ಅವು ಹೋದರೆ ಅತ್ತೆ ಇನ್ನೊಂದು ಸಲ ಈ ಮನೆ ಬಿಟ್ಟು ಹೋದಂತೆ. ಅದಕ್ಕಿಂತ ದೊಡ್ಡ ಭಯ ಬೇರೆಯದಿತ್ತು. ಕೈಲಾಗದು ಎಂದು ಒಂದನ್ನು ಬಿಟ್ಟವರು ಆಮೇಲೆ ಒಂದೊಂದಾಗಿ ಎಲ್ಲವನ್ನೂ ಬಿಡುತ್ತಾರೆ. ಕ್ಲಿನಿಕ್ಕಿನಲ್ಲಿ ದಿನಾ ನೋಡುತ್ತೇನೆ. ಮಾವ ಮತ್ತೆ ಕೋಣೆ ಸೇರಿದರೆ ಎರಡನೇ ಸಲ ಹೊರಗೆ ತರಲು ನನ್ನ ಹತ್ತಿರ ಇನ್ನೊಂದು ಹುಚ್ಚು ಇರಲಿಲ್ಲ.

ಗಂಡನನ್ನು ಕೇಳಿದಾಗ ವಿಷಯ ಗೊತ್ತಾಯಿತು. ಮೇಲಿನ ಮೆಟ್ಟಿಲುಗಳಲ್ಲಿ ಗೊಂಬೆ ಇಡುವುದು ಯಾವಾಗಲೂ ಮಾವನ ಪಾಲಿನ ಕೆಲಸ. ಅತ್ತೆಯ ಕಡೆಯ ದಸರೆಯಲ್ಲಿ ಅವರ ಕೈಯಿಂದ ಶೆಟ್ಟಮ್ಮ ಜಾರಿಬಿದ್ದಿದ್ದಳು. ಗಂಡ ಶೆಟ್ಟಿಯ ಜೊತೆ ಅಕ್ಕಿ ಬೇಳೆಯ ಅಂಗಡಿ ಇಟ್ಟುಕೊಂಡು ಕೂರುವ ಶೆಟ್ಟಮ್ಮ. ಅತ್ತೆ ಏನೂ ಅನ್ನದೆ ಚೂರುಗಳನ್ನು ಸೆರಗಿನಲ್ಲಿ ಆಯ್ದುಕೊಂಡು, ಆ ವರ್ಷ ಶೆಟ್ಟಿಯೊಬ್ಬನನ್ನೇ ಅಂಗಡಿಯಲ್ಲಿ ಕೂರಿಸಿದರಂತೆ. ಬೈದಿದ್ದರೆ ಮಾವ ಮರೆಯುತ್ತಿದ್ದರೇನೋ.

ನಾನು ಅಟ್ಟ ಹತ್ತಿ ಹುಡುಕಿದೆ. ಶೆಟ್ಟಮ್ಮನ ಚೂರುಗಳು ಒಂದು ತುಂಡು ಅರಿವೆಯಲ್ಲಿ ಗಂಟು ಕಟ್ಟಿದ್ದವು. ತಂದು ಮೇಜಿನ ಮೇಲೆ, ಅವರು ಕಟ್ಟುತ್ತಿದ್ದ ಗುಡ್ಡದ ಪಕ್ಕ ಬಿಚ್ಚಿಟ್ಟೆ.

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. "ಇದ್ಯಾಕೆ ತಂದೆ?"

"ಬಿದ್ದವ್ಳೆ ಅಷ್ಟೆ ಮಾವ" ಅಂದೆ. ನನ್ನ ಬಾಯಲ್ಲಿ ಅವರ ಮಾತು ಕೇಳಿ ಅವರಿಗೆ ನಗು ಬರಲಿಲ್ಲ. ಎದ್ದು ಹೋದರು. ಕೋಣೆಯ ಬಾಗಿಲು ಹಾಕಿದ ಸದ್ದಾಯಿತು. ಕೆಲಸ ಕೆಟ್ಟಿತು, ಇರುವುದನ್ನೂ ಕಳೆದುಕೊಂಡೆ ಎಂದು ನಾನು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ.

ಮಾರನೆಯ ದಿನ ಊಟಕ್ಕೆ ಬಂದಾಗ ಅವರ ಹೆಬ್ಬೆರಳಿನ ಮೇಲೆ ಎಂದಿಗಿಂತ ಹೆಚ್ಚು ಅಂಟಿತ್ತು. ನಾನು ಮುದ್ದೆ ಬಡಿಸಿದೆ.

ನವರಾತ್ರಿಗೆ ಗೊಂಬೆ ಕೂತವು. ಮೆಟ್ಟಿಲುಗಳ ಮೇಲೆ ನಾನು ಜೋಡಿಸಿದೆ, ನೆಲದ ಮೇಲೆ ಅವರು ತಮ್ಮ ರಾಜ್ಯ ಕಟ್ಟಿದರು. ಬೆಟ್ಟ, ಕೆರೆ, ನಾಲೆ, ನಾಲೆಯ ಕೊನೆಯಲ್ಲಿ ತಟ್ಟೆಯಲ್ಲಿ ಬೆಳೆಸಿದ ರಾಗಿ ಪೈರು. ತುದಿಯ ಪೈರಿನವರೆಗೂ ನೀರು ನಿಜವಾಗಿ ಹರಿಯುತ್ತಿತ್ತು. ಬಾವಿಯ ಪಕ್ಕ ಅಂಗಡಿ, ಅಂಗಡಿಯಲ್ಲಿ ಶೆಟ್ಟಿ, ಅವನ ಪಕ್ಕ ಕತ್ತಿನ ಸುತ್ತ ಅಂಟಿನ ಬರೆಯಿದ್ದ ಶೆಟ್ಟಮ್ಮ. ಕುಂಕುಮಕ್ಕೆ ಬಂದ ಪಕ್ಕದ ಮನೆಯವರ ಕಣ್ಣು ಸೀದಾ ಅಲ್ಲಿಗೇ ಹೋಯಿತು.

"ಅಯ್ಯೋ, ಒಡೆದ ಗೊಂಬೆ ಕೂರಿಸಬಾರದು ಕಣ್ರೀ" ಅಂದರು ನನಗೆ.

ಮೂಲೆಯ ಕುರ್ಚಿಯಿಂದ ಮಾವನ ದನಿ ಬಂತು. "ಒಡೆದಿಲ್ಲಮ್ಮ. ಬಿದ್ದಿದ್ಲು. ಎದ್ದವ್ಳೆ." ಎರಡು ವರ್ಷದಲ್ಲಿ ಅವರು ಹೊರಗಿನವರ ಎದುರು ಆಡಿದ ಮೊದಲ ಮಾತು ಅದು.

ಪಕ್ಕದ ಮನೆಯವರು ತಬ್ಬಿಬ್ಬಾಗಿ ಬೇಗಬೇಗ ಆರತಿಗೆ ತೊಡಗಿದರು. ಬೆಟ್ಟದ ಮುಂದೆ ಮಾವ ಆಟದ ನಡುವೆ ಬಿಟ್ಟಿದ್ದ ನೀಲಿ ಪಡೆಯನ್ನೂ ಗೊಂಬೆಯೆಂದೇ ತಿಳಿದು, ಸೇನಾಪತಿಗೆ ಕುಂಕುಮವಿಟ್ಟು, ಪೂರ್ತಿ ಹಾಡು ಹೇಳಿ ಆರತಿ ಬೆಳಗಿದರು. ನನ್ನ ಕೆಂಪು ಪಡೆ ಬೆಟ್ಟದ ಹಿಂದಿತ್ತು, ಯಾರ ಕಣ್ಣಿಗೂ ಬೀಳಲಿಲ್ಲ. ಅವರು ಆಚೆ ಹೋಗುವುದೇ ತಡ, ಮಾವ ಕುರ್ಚಿ ಎಳೆದುಕೊಂಡು ಬಂದರು. "ಆರತಿ ಎತ್ತಿಸ್ಕೊಂಡ ಗೊಂಬೆ ಸಾಯೋ ಹಂಗಿಲ್ಲ. ವಿಜಯದಶಮಿ ತಂಕ ನನ್ನೋರ್ನ ಯಾರೂ ಮುಟ್ಟಂಗಿಲ್ಲ." ಕುಂಕುಮ ಮೆತ್ತಿಕೊಂಡ ಆ ಸೇನಾಪತಿ ಹಬ್ಬ ಮುಗಿಯುವುದರೊಳಗೆ ನನ್ನ ಪಡೆಯನ್ನೆಲ್ಲ ನುಂಗಿಹಾಕಿದ. ಮಾವನಿಗೆ ನಾಚಿಕೆಯೆಂಬುದು ಒಂದಿಷ್ಟೂ ಇರಲಿಲ್ಲ. ಬಂದವರಿಗೆಲ್ಲ ತಾವೇ ಗೆದ್ದ ಕತೆ ಹೇಳಿದರು.

ಆಮೇಲೂ ಕೆಲವು ದಸರೆಗಳು ಬಂದವು. ಪ್ರತಿ ಸಲ ಒಂದು ಹೊಸ ಗೊಂಬೆ, ಒಂದು ಹೊಸ ಡಬ್ಬಿ. ನಡುಕ ಕಾಲಿಗೂ ಇಳಿಯಿತು, ದನಿ ಸಣ್ಣಗಾಯಿತು. ಕೊನೆಕೊನೆಗೆ ಅವರು ಕಣ್ಣಿನಲ್ಲಿ ತೋರಿಸುವುದು, ನಾನು ನಡೆಸುವುದು. "ಮಾವ, ನಿಮ್ಮ ಕಡೆಯವರನ್ನೂ ನಾನೇ ನಡೆಸ್ತಿದೀನಿ, ಮೋಸ ಮಾಡಿದ್ರೆ?" ಅಂದರೆ, "ಮಾಡು ನೋಡೋಣ" ಅನ್ನುವ ಹಾಗೆ ಹುಬ್ಬು ಹಾರಿಸುತ್ತಿದ್ದರು.

ಈ ವರ್ಷ ಬೇಸಿಗೆಯ ಒಂದು ಭಾನುವಾರ ಅವರಿಗೆ ತಾವೇ ನಡೆಸಬೇಕು ಅನ್ನಿಸಿತು. ಸೇನಾಪತಿಯನ್ನು ಬೆರಳಲ್ಲಿ ಹಿಡಿದು ಕೆರೆ ಏರಿಯ ಮೇಲಿಂದ ದಾಟಿಸಿದರು. ಅಂಗಿಯ ತೋಳು ತಗುಲಿ, ಬಾವಿಯ ಹತ್ತಿರ ನಿಂತಿದ್ದ ನನ್ನ ಬಿಲ್ಲುಗಾರ ಉರುಳಿದ. ನಾನು ಎತ್ತಲು ಕೈ ಚಾಚಿದೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುವ ಸದ್ದು.

"ಹೋಗಮ್ಮ, ಹಾಲು ನೋಡು" ಅಂದರು. "ಅವ್ನನ್ನ ನಾನು ಎತ್ತುತ್ತೀನಿ."

ಕಾಫಿ ಬೆರೆಸಿ, ಅವರದಕ್ಕೆ ಸಕ್ಕರೆ ಕಡಿಮೆ ಹಾಕಿ, ಜಾರದಿರಲೆಂದು ಎರಡು ಹಿಡಿಯ ಲೋಟದಲ್ಲಿ ತಂದೆ. ಮಾವ ಕುರ್ಚಿಗೆ ಒರಗಿದ್ದರು. ನನ್ನ ಕಣ್ಣು ಅಭ್ಯಾಸದಂತೆ ಮೊದಲು ಅವರ ಬಲಗೈಗೆ ಹೋಯಿತು. ಸುಮ್ಮನೆ ಕೂತಾಗಲೇ ಹೆಚ್ಚು ನಡುಗುತ್ತಿದ್ದ ಕೈ ಅದು. ಮೇಜಿನ ಅಂಚಿನ ಮೇಲೆ ನಡುಗದೆ ಇತ್ತು. ಮುಟ್ಟುವ ಮೊದಲೇ ನನಗೆ ಗೊತ್ತಾಯಿತು.

ಆಮೇಲೆ ಮನೆ ತುಂಬ ಜನ. ಕಾರ್ಯಕ್ಕೆ ಬಂದವರಿಗೆ ಊಟಕ್ಕೆ ಹಾಕಲು ಆ ಮೇಜು ಬೇಕಿತ್ತು. ಮಕ್ಕಳಾಟ ಎನ್ನುತ್ತಿದ್ದ ನನ್ನ ಗಂಡ ಬಂದು, "ಇದನ್ನ ತೆಗೀಬಹುದಾ?" ಎಂದು ಮೆಲ್ಲಗೆ ಕೇಳಿದ. ಬೇಡ ಅಂದೆ. ಅಂಗಳದಲ್ಲಿ ಬಾಡಿಗೆ ಮೇಜು ಹಾಕಿಸಿದ.

ಸೂತಕದ ವರ್ಷ, ಈ ದಸರೆಗೆ ಗೊಂಬೆ ಇಲ್ಲ. ಶೆಟ್ಟಮ್ಮ ಅಟ್ಟದ ಮೇಲೆ ಅತ್ತೆಯ ಸೀರೆಯಲ್ಲಿ ಮಲಗಿದ್ದಾಳೆ, ಮುಂದಿನ ವರ್ಷ ಬಾವಿಯ ಪಕ್ಕದ ಅಂಗಡಿಗೆ ಬರುತ್ತಾಳೆ. ಮೇಜಿನ ಮೇಲಿನ ಯುದ್ಧ ಇನ್ನೂ ಹಾಗೇ ಇದೆ. ವಾರಕ್ಕೊಮ್ಮೆ ಹಳೆಯ ಬ್ರಷ್ಷಿನಲ್ಲಿ ಧೂಳು ತೆಗೆಯುತ್ತೇನೆ. ಕೆರೆ, ಏರಿ, ಏರಿಯ ಮೇಲೆ ಅವರ ಸೇನಾಪತಿ, ಎಲ್ಲವನ್ನೂ ಒರೆಸುತ್ತೇನೆ. ಬಾವಿಯ ಹತ್ತಿರ ಮಾತ್ರ ಬ್ರಷ್ಷನ್ನು ದೂರವೇ ಹಿಡಿಯುತ್ತೇನೆ. ನಾನು ಹಾಲು ನೋಡಲು ಹೋದಾಗ ಬಿದ್ದಿದ್ದ ಬಿಲ್ಲುಗಾರ ಅಲ್ಲಿ ನಿಂತಿದ್ದಾನೆ.