ಕೆರೆಯ ನಡುವಿನ ಬಾಣಗಳು

ನನ್ನ ಪಿಎಚ್.ಡಿ. ಗೈಡ್ ಎಡಗೈ ಕಿರುಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದರು. ಕಂಪ್ಯೂಟರಿನ ಗಾಜಿನ ಮೇಲೆ ಅದು ಟಕ್ ಎಂದರೆ ಇನ್ನೊಂದು ತಿಂಗಳ ಕೆಲಸ ಮಣ್ಣುಪಾಲು ಎಂದೇ ಅರ್ಥ.

ಆಗ ತೊಂಬತ್ತರ ದಶಕದ ಕೊನೆ. ಊರಂಚಿನ ಕೆರೆಯೊಂದಕ್ಕೆ ಬಂದು ಬೀಳುವ ಚರಂಡಿ ನೀರು ಒಳಗೆ ಯಾವ ಕಡೆ ಹರಿಯುತ್ತದೆ ಎಂಬುದು ನನ್ನ ಸಂಶೋಧನೆ. ದಡದುದ್ದಕ್ಕೂ ಅಲ್ಲಲ್ಲಿ ಥರ್ಮಾಕೋಲಿನ ತುಂಡು ತೇಲಿಬಿಟ್ಟು ದಿಕ್ಕು, ವೇಗ ಬರೆದುಕೊಳ್ಳುತ್ತಿದ್ದೆ. ಆ ಚೆದುರಿದ ಅಳತೆಗಳನ್ನು ಸಾಫ್ಟ್‌ವೇರಿಗೆ ಕೊಟ್ಟೆ. ಪರದೆಯ ಮೇಲಿನ ಕೆರೆಯ ನಕ್ಷೆಯ ತುಂಬ ಹರಿವಿನ ದಿಕ್ಕು ತೋರಿಸುವ ಬಾಣಗಳು ಮೂಡಿದವು. ನೋಡಲು ಎಷ್ಟು ಚೆನ್ನ! ಫೆಲೋಶಿಪ್ ಮುಗಿದುಹೋಗಿತ್ತು. ಚಾಮರಾಜಪುರದ ಮನೆಯಲ್ಲಿ ಅಮ್ಮ, "ಇನ್ನೂ ಮುಗೀಲಿಲ್ವೇನೇ ನಿನ್ನ ನೀರು?" ಎಂದು ದಿನವೂ ಕೇಳುತ್ತಿದ್ದಳು. ಈ ಚಿತ್ರ ಒಪ್ಪಿಗೆಯಾದರೆ ನನಗೆ ಬಿಡುಗಡೆ.

ಉಗುರು ಕೆರೆಯ ನಡುವೆ ಬಡಿಯಿತು.

"ಇಲ್ಲಿ ಯಾರಮ್ಮ ಹೋಗಿ ನೋಡಿದ್ದು?"

"ಸುತ್ತಲ ಅಳತೆ ನೋಡ್ಕೊಂಡು ಸಾಫ್ಟ್‌ವೇರೇ ತುಂಬ್ತು ಸಾರ್."

"ಅಕ್ಕಪಕ್ಕದೋರನ್ನ ಕೇಳಿ ನಿಮ್ಮನೇಲಿ ಇವತ್ತು ಏನು ಸಾರು ಅಂತ ಬರ್ಕೊಂಡಂಗಾಯ್ತು ಕಣಮ್ಮ. ಅಳಿಸ್ಬುಡು."

ಅಳಿಸಿದೆ. ಚಿತ್ರದ ನಡುಭಾಗ ಬೋಳಾಯಿತು. ಚರಂಡಿ ನೀರು ಕೆರೆಯಿಂದ ಹೊರಬಿಡುವ ತೂಬಿನ ಕಡೆ ಹೋಗುತ್ತದೋ ಇಲ್ಲವೋ ತಿಳಿಯಬೇಕಾದದ್ದೇ ಅಲ್ಲಿ. ನನಗೆ ಸಾಕುಸಾಕಾಗಿತ್ತು, ಅವರೆದುರೇ ಅತ್ತುಬಿಟ್ಟೆ. ಸಮಾಧಾನದ ಮಾತೆಲ್ಲ ಅವರಿಗೆ ಬರುತ್ತಿರಲಿಲ್ಲ. "ನಾಳೆ ತೆಪ್ಪ ಸಿಗುತ್ತಾ ವಿಚಾರಿಸ್ತೀನಿ" ಎಂದರಷ್ಟೆ.

ಮರುದಿನ ನಾನು ಬೇಡವೆಂದರೂ ಅವರೂ ತೆಪ್ಪ ಹತ್ತಿದರು. ಹೃದಯ ಸರಿಯಿರಲಿಲ್ಲ, ಕಾಲು ಊದಿಕೊಂಡಿತ್ತು, ಮೇಲೆ ನೆತ್ತಿ ಸುಡುವ ಬಿಸಿಲು. ಅವರು ದಿಕ್ಸೂಚಿ ಹಿಡಿದು ಹೇಳುವುದು, ನಾನು ಬರೆಯುವುದು. ಸಾಫ್ಟ್‌ವೇರಿನ ಲೆಕ್ಕದಲ್ಲಿ ನೇರ ತೂಬಿಗೆ ಹೋಗಬೇಕಿದ್ದ ತುಂಡು ಕೆರೆಯ ನಡುವೆ ನಿಂತಂತಾಗಿ, ಮೆಲ್ಲಗೆ ಹಿಂದಕ್ಕೆ ಹೊರಳಿತು.

"ತಿರುಗ್ತು ಕಣಮ್ಮ! ತಿರುಗ್ತು!" ತೆಪ್ಪ ಅಲ್ಲಾಡುವಂತೆ ಕೂಗಿದರು. ಅಂಬಿಗ ಗದರಿದ ಮೇಲೆಯೇ ಸುಮ್ಮನಾದದ್ದು.

ಆ ಅಳತೆಗಳನ್ನು ಕಂಪ್ಯೂಟರಿಗೆ ಹಾಕುವ ಮೊದಲೇ ಹೃದಯಾಘಾತವಾಗಿ ಅವರು ತೀರಿಕೊಂಡರು. ನನಗೆ ಅಳುವಿಗಿಂತ ಮೊದಲು ಸಿಟ್ಟೇ ಬಂತು. ಯಾಕೆ ಬರಬೇಕಿತ್ತು ಆ ಬಿಸಿಲಲ್ಲಿ ಎಂದು. ಎಷ್ಟೋ ದಿನ ಕಂಪ್ಯೂಟರ್ ಮುಟ್ಟಲು ಮನಸ್ಸಾಗಲಿಲ್ಲ.

ಕೊನೆಗೆ ಆ ಅಳತೆಗಳನ್ನೂ ಸೇರಿಸಿ ಚಿತ್ರ ಬಂದಾಗ ಒಂದು ಪ್ರತಿ ತೆಗೆದುಕೊಂಡು ಜಯಲಕ್ಷ್ಮಿಪುರದ ಅವರ ಮನೆಗೆ ಹೋದೆ. ಅವರ ಪತ್ನಿ ಅದನ್ನು ತಿರುವಿ ತಿರುವಿ ನೋಡಿದರು.

"ಇದ್ರಲ್ಲಿ ಅವರು ಅಳೆದಿದ್ದು ಯಾವುದಮ್ಮ?"

ನಡುವೆ ಸುತ್ತು ಹಾಕಿಕೊಂಡಿದ್ದ ಐದಾರು ಬಾಣಗಳನ್ನು ತೋರಿಸಿದೆ. ಆಕೆ ಕನ್ನಡಕ ತರಲು ಒಳಗೆ ಹೋದರು.